ಬಳಪದ ಕಲ್ಲಿನ ಪಾತ್ರೆಯೊಂದರ ತಾಪತ್ರಯ

ನಮ್ಮ ಮನೆಯವರು ನಿವೃತ್ತರಾದ ಮೇಲೆ ಎರಡು ತಿಂಗಳು ಸುಮ್ಮನಿದ್ದರು. ಮೂರನೆಯ ತಿಂಗಳಿಗೆ ಅವರ ಕಣ್ಣು ನನ್ನ ಅಡುಗೆಮನೆಯ ಮೇಲೆ ಬಿತ್ತು.

ಅಡುಗೆ ಮಾಡುವ ಉಮೇದು ಬಂತೆಂದು ತಿಳಿಯಬೇಡಿ. ಅಷ್ಟು ಅದೃಷ್ಟ ನನಗಿಲ್ಲ. ಇಡೀ ನೌಕರಿಯುದ್ದಕ್ಕೂ ಕಚೇರಿಯಲ್ಲಿ ಫೈಲುಗಳ ತಪ್ಪು ಹುಡುಕಿದ ಮನುಷ್ಯ ಈಗ ಪಾತ್ರೆಗಳ ತಪ್ಪು ಹುಡುಕತೊಡಗಿದರು. ಬೆಳಗಿನ ಚಹಾ ಮುಗಿಸಿ ವರಾಂಡದ ಕುರ್ಚಿಯಲ್ಲಿ ಕೂತು ಮೊಬೈಲು ತೆಗೆದರೆಂದರೆ, ಅದರೊಳಗಿಂದ ಯಾರೋ ಒಬ್ಬರು ಗಟ್ಟಿ ದನಿಯಲ್ಲಿ ಅಲ್ಯೂಮಿನಿಯಂ ವಿಷ, ನಾನ್‌ಸ್ಟಿಕ್ ವಿಷ, ಕುಕ್ಕರಂತೂ ಮಹಾ ವಿಷ ಎಂದು ಹೇಳುತ್ತಿದ್ದರು. ಅದನ್ನು ಕೇಳಿ ಇವರು ಒಳಗೆ ಬಂದು, ಒಲೆಯ ಮೇಲಿದ್ದ ಬೇಳೆಯ ಕುಕ್ಕರನ್ನು ಹಾವು ನೋಡಿದಂತೆ ನೋಡುತ್ತಿದ್ದರು. ಹಾಗೆ ನೋಡಿದ ಮೇಲೂ ಎರಡು ಸಲ ಸಾರು ಹಾಕಿಸಿಕೊಂಡು ಉಣ್ಣುತ್ತಿದ್ದರು ಎಂಬುದನ್ನೂ ಹೇಳಬೇಕು.

ನಾನು ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಮದುವೆಗಳ ಕಾಲದಲ್ಲಿ ಕೋಣೆಯ ಮೂಲೆಯಲ್ಲಿ ಸೀರೆಗಳ ಗಂಟು ಮೊಳಕಾಲೆತ್ತರಕ್ಕೆ ಬೆಳೆದಿರುತ್ತದೆ. ಅಂಥ ಒಂದು ದಿನವೇ, ನಾನು ಬಾಯಲ್ಲಿ ಟಾಚಣಿ ಪಿನ್ನು ಕಚ್ಚಿಕೊಂಡು ಒಬ್ಬ ಹೆಣ್ಣುಮಗಳ ಅಳತೆ ತೆಗೆದುಕೊಳ್ಳುತ್ತಿದ್ದಾಗ, ಒಂದು ದೊಡ್ಡ ಪೆಟ್ಟಿಗೆ ಬಂತು. ಅದನ್ನು ಬಾಗಿಲಿಂದ ಅಡುಗೆಮನೆಗೆ ಒಯ್ಯಲು ಇವರಿಗೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಒಳಗೆ ಹುಲ್ಲಿನ ನಡುವೆ ಬೂದು ಬಣ್ಣದ ಒಂದು ಕಲ್ಲಿನ ಪಾತ್ರೆ ಕೂತಿತ್ತು. ಬಳಪದ ಕಲ್ಲು. ದಕ್ಷಿಣದ ಕಡೆಯಿಂದ ತರಿಸಿದ್ದರು. ಇದರಲ್ಲಿ ಅಡುಗೆ ಮಾಡಿದರೆ ಎದೆಯುರಿ ಬರುವುದಿಲ್ಲವೆಂದು, ಹುಳಿ ಹಾಕಿದರೂ ಪಾತ್ರೆ ಏನನ್ನೂ ಬಿಟ್ಟುಕೊಡುವುದಿಲ್ಲವೆಂದು, ಒಲೆ ಆರಿಸಿದ ಮೇಲೂ ಸಾರು ಬಹಳ ಹೊತ್ತು ಕುದಿಯುತ್ತದೆಂದು ನನ್ನ ಗಿರಾಕಿಯ ಎದುರೇ ಭಾಷಣ ಮಾಡಿದರು. ಆಕೆ ಕೈ ಎತ್ತಿ ನಿಂತವಳು ಹಾಗೇ ನಿಂತು ಕೇಳಿದಳು.

ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇತ್ತು. ಪಾತ್ರೆಯನ್ನು ಬಂದ ದಿನವೇ ಬಳಸುವಂತಿಲ್ಲ, ಅದನ್ನು ಪಳಗಿಸಬೇಕು. ಮೂರು ದಿನ ಅಕ್ಕಿ ತೊಳೆದ ನೀರಲ್ಲಿ ನೆನೆಸಬೇಕು. ಆಮೇಲೆ ಔಡಲೆಣ್ಣೆ, ಅರಿಶಿನ ಸವರಿ ಬಿಸಿಲಿಗಿಡಬೇಕು. ಒಣಗಿದ ಮೇಲೆ ಮತ್ತೆ ಸವರಬೇಕು. ಕಡೆಗೆ ಸಣ್ಣ ಉರಿಯಲ್ಲಿ ಗಂಜಿ ಕುದಿಸಬೇಕು. ಚೀಟಿ ಓದಿ ಮುಗಿಸಿ ಅವರು ಅದನ್ನು ನನ್ನ ಕೈಗೆ ಕೊಟ್ಟರು. ಯಾಕೆ ಎಂದು ಕೇಳಿದ್ದಕ್ಕೆ, ಇಂಥ ಕೆಲಸ ಹೆಂಗಸರ ಕೈಗೇ ಹತ್ತುವುದು ಎಂದರು.

ಎಂಟು ದಿನ ಆ ಕಲ್ಲಿನ ಬಾಣಂತನ ಮಾಡಿದೆ. ಔಡಲೆಣ್ಣೆಯ ಕೈ ಎಷ್ಟು ತೊಳೆದರೂ ಜಿಡ್ಡು ಬಿಡುವುದಿಲ್ಲ, ರೇಷ್ಮೆ ಸೀರೆಯ ಅಂಚು ಮುಟ್ಟಲು ಭಯ. ಒಂದು ಬ್ಲೌಸಿನ ತೋಳಿಗೆ ಅರಿಶಿನದ ಬೊಟ್ಟು ಹತ್ತಿ, ಗಿರಾಕಿಗೆ ಹೊಸ ಬಟ್ಟೆ ತಂದು ಹೊಲಿದುಕೊಟ್ಟೆ. ಇವರು ದಿನಕ್ಕೆ ಮೂರು ಸಲ ಮಾಳಿಗೆಗೆ ಹೋಗಿ ಪಾತ್ರೆಯ ಮೈ ಮುಟ್ಟಿ ಬರುತ್ತಿದ್ದರು. ಅದೊಂದೇ ಅವರ ಕೆಲಸ.

ಒಂಬತ್ತನೆಯ ದಿನ ಪುಂಡಿಪಲ್ಯ ತಾವೇ ಮಾಡುತ್ತೇನೆಂದರು. ನಾನು ಬೇಡವೆನ್ನಲಿಲ್ಲ, ಅದು ನನ್ನ ತಪ್ಪು. ಮುಂದಿನ ಕೋಣೆಯಲ್ಲಿ ಮಷಿನ್ ತುಳಿಯುತ್ತ ಕೂತಿದ್ದೆ. ಒಳಗಿಂದ ಯಾರೋ ಒಣ ಕಟ್ಟಿಗೆ ಮುರಿದಂಥ ಶಬ್ದ ಬಂತು. ಹೋಗಿ ನೋಡಿದರೆ, ಖಾಲಿ ಪಾತ್ರೆಯನ್ನು ದೊಡ್ಡ ಉರಿಯ ಮೇಲೆ ಚೆನ್ನಾಗಿ ಕಾಯಿಸಿ, ಅದು ಕಾದಿದೆಯೋ ಇಲ್ಲವೋ ನೋಡಲೆಂದು ತಣ್ಣೀರು ಹೊಯ್ದಿದ್ದರು. ಪಾತ್ರೆ ಅಂಚಿನಿಂದ ತಳದವರೆಗೆ ಸೀಳಿತ್ತು. ನೀರು ಒಲೆಯ ತುಂಬ ಹರಿದು ಬರ್ನರ್ ಆರಿತ್ತು. ಪುಂಡಿಸೊಪ್ಪು ಪಕ್ಕದಲ್ಲಿ ಬುಟ್ಟಿಯಲ್ಲೇ ಇತ್ತು.

“ನೀ ಎಣ್ಣಿ ಸರಿಯಾಗಿ ಸವರಿಲ್ಲ ಅನಸ್ತದ,” ಎಂದರು.

ಗ್ಯಾಸ್ ಒಲೆ ಒರೆಸಿ, ಕುಕ್ಕರಿನಲ್ಲಿ ಪಲ್ಯ ಮಾಡಿ ಬಡಿಸಿದೆ.

ಅಷ್ಟಕ್ಕೆ ಹುಚ್ಚು ಇಳಿಯಬೇಕಿತ್ತು. ಹದಿನೈದು ದಿನವಾದ ಮೇಲೆ ಒಂದು ಸಂಜೆ ಆಟೊದಲ್ಲಿ ಇನ್ನೊಂದು ಪಾತ್ರೆ ತಂದರು. ಊರಲ್ಲಿ ನಡೆದಿದ್ದ ಯಾವುದೋ ಮಾರಾಟ ಮೇಳದಲ್ಲಿ ಸಿಕ್ಕಿತಂತೆ. ಇದು ಕಪ್ಪಗೆ ಮಿಂಚುತ್ತಿತ್ತು. ಮಾರುವವನು ಇದನ್ನು ಪಳಗಿಸುವುದೂ ಬೇಕಿಲ್ಲ ಎಂದಿದ್ದನಂತೆ. ಅದನ್ನು ಕೇಳಿದ ಕೂಡಲೇ ನನಗೆ ಸಂಶಯ ಬಂತು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ನಾನು ಹೊಲಿಗೆ ಕಲಿತದ್ದು ಮೋಮಿನಪುರದ ಒಬ್ಬ ವಯಸ್ಸಾದ ದರ್ಜಿ ಮಾಸ್ತರರ ಹತ್ತಿರ. ಬಟ್ಟೆಯ ಮೇಲೆ ಗುರುತು ಹಾಕಲು ಅವರು ಅಂಗಡಿಯ ಬಣ್ಣದ ಚಾಕ್‌ಪೀಸು ಬಳಸುತ್ತಿರಲಿಲ್ಲ, ಅದು ಪುಡಿ ಉದುರಿಸುತ್ತದೆ ಎನ್ನುತ್ತಿದ್ದರು. ಬಳಪದ ಕಲ್ಲಿನ ತೆಳ್ಳಗಿನ ಬಿಲ್ಲೆಗಳನ್ನು ಇಟ್ಟುಕೊಂಡಿದ್ದರು. ಅಂಚು ಮೊಂಡಾದರೆ ನೆಲದ ಫರ್ಸಿ ಕಲ್ಲಿಗೆ ತಿಕ್ಕಿ ಚೂಪು ಮಾಡಿಕೊಳ್ಳುತ್ತಿದ್ದರು. ಅದರ ಗೆರೆ ಕೂದಲೆಳೆಯಷ್ಟು ಸಣ್ಣ, ಕೆಲಸ ಮುಗಿದ ಮೇಲೆ ಅಂಗೈಯಲ್ಲಿ ಒರೆಸಿದರೆ ಹೋಗುತ್ತದೆ. ಕಲಿಸಿ ಕಳಿಸುವಾಗ ನನಗೆ ಎರಡು ಬಿಲ್ಲೆ ಕೊಟ್ಟಿದ್ದರು. ಹಾಗಾಗಿ ಬಳಪದ ಕಲ್ಲು ಬೆರಳಿಗೆ ಹೇಗಿರುತ್ತದೆ ಎಂಬುದು ನನಗೆ ಗೊತ್ತು. ಒಣಗಿದ್ದರೂ ಸಾಬೂನು ಮುಟ್ಟಿದಂತೆ ಜಾರುತ್ತದೆ. ಉಗುರಿನಿಂದ ಗೀರಿದರೆ ಬಿಳಿ ಗೀರು ಬೀಳುತ್ತದೆ.

ಕಪ್ಪು ಅಸ್ತರದ ತುಂಡೊಂದನ್ನು ತಂದು ಹೊಸ ಪಾತ್ರೆಯ ತಳಕ್ಕೆ ತಿಕ್ಕಿದೆ. ಗೆರೆ ಬೀಳಲಿಲ್ಲ, ಬಟ್ಟೆಯ ಎಳೆ ಕಿತ್ತಿತು. ಉಗುರಿಂದ ಗೀರಿದರೆ ಉಗುರೇ ಸವೆಯಿತು. ಇದು ಕಲ್ಲೇ ಅಲ್ಲ, ಕಲ್ಲಿನ ಪುಡಿಗೆ ಸಿಮೆಂಟು ಕಲಸಿ ಅಚ್ಚು ಹೊಡೆದು ಬಣ್ಣ ಬಳಿದಿದ್ದಾರೆ ಎಂದೆ. ಅವರು ಒಪ್ಪಲಿಲ್ಲ. ಬ್ಲೌಸು ಹೊಲಿಯುವವಳಿಗೆ ಕಲ್ಲಿನ ವಿಷಯ ಏನು ಗೊತ್ತು ಎಂದು ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಹುಬ್ಬಿನಲ್ಲಿ ಅಂದರು. ಪಾತ್ರೆಗೆ ನೀರು ತುಂಬಿಟ್ಟರು. ಮರುದಿನ ನೀರು ಕಾಡಿಗೆಯಂತಾಗಿತ್ತು. ತಳ ಬೆರಳಿಗೆ ಮೆತ್ತಗೆ ಹತ್ತಿತು. ಆ ದಿನವಿಡೀ ಮೊಬೈಲಿನಿಂದ ಯಾವ ದನಿಯೂ ಬರಲಿಲ್ಲ. ನನಗೆ ಹಬ್ಬದಂತೆ ಅನ್ನಿಸಿತು.

ಆದರೆ ಬಿಡುವವರ ಪೈಕಿ ಅವರಲ್ಲ. ಇನ್ನು ಅಂಗಡಿಯದು ಬೇಡ, ಮಾಡುವವರ ಹತ್ತಿರವೇ ಹೋಗಿ ಎದುರಿಗೆ ನಿಂತು ಮಾಡಿಸಿಕೊಂಡು ಬರೋಣ ಎಂದರು. ನಮ್ಮ ಕಡೆ ಬಳಪದ ಕಲ್ಲು ಎಲ್ಲಿದೆ? ಇಲ್ಲಿ ನೆಲ ಅಗೆದರೆ ಸಿಗುವುದು ಫರ್ಸಿ, ಇಲ್ಲವೇ ಕರಿ ಕಲ್ಲು. ಹಾಗೆಂದು ನಾನು ಸಮಾಧಾನದಲ್ಲಿದ್ದಾಗ, ನನ್ನದೇ ಗಿರಾಕಿಯೊಬ್ಬಳು ಕೆಲಸ ಕೆಡಿಸಿದಳು. ಆಕೆಯ ತವರು ಹುಮನಾಬಾದ್ ದಾರಿಯಲ್ಲಿರುವ ಕಮಲಾಪುರ. ಅಲ್ಲಿ ತಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಬಳಪದ ಕಲ್ಲಿನಲ್ಲಿ ಬುದ್ಧನ ಮೂರ್ತಿ ಕೆತ್ತುತ್ತಾಳೆ, ಕಲ್ಲನ್ನು ದಕ್ಷಿಣದಿಂದ ಲಾರಿಯಲ್ಲಿ ತರಿಸುತ್ತಾಳೆ, ಮನೆ ಕಟ್ಟಿದವರು ಹುಡುಕಿಕೊಂಡು ಬಂದು ಒಯ್ಯುತ್ತಾರೆ ಎಂದು ಹೇಳಿದಳು. ಇವರು ಒಳಗಿನ ಕೋಣೆಯಲ್ಲಿದ್ದರೂ ಕೇಳಿಸಿಕೊಂಡರು.

ಮುಂದಿನ ಭಾನುವಾರ ಹುಮನಾಬಾದ್ ಬಸ್ಸಿನಲ್ಲಿ ನಾವಿಬ್ಬರೂ ಕೂತಿದ್ದೆವು. ನನಗೆ ಹೊಲಿಗೆ ಬಿಟ್ಟು ಬರಲು ಮನಸ್ಸಿರಲಿಲ್ಲ. ಆದರೆ ಸುಳ್ಳು ಕಲ್ಲು, ಖರೆ ಕಲ್ಲು ಗುರುತು ಹಿಡಿಯುವವಳು ಮನೆಯಲ್ಲೇ ಇರುವಾಗ ತಾವೊಬ್ಬರೇ ಯಾಕೆ ಹೋಗಬೇಕು ಎಂದು ಈಗ ಹೊಗಳಿಕೆಯ ದಾರಿ ಹಿಡಿದಿದ್ದರು. ದಾರಿಯುದ್ದಕ್ಕೂ, ಎಷ್ಟು ದೊಡ್ಡದು ಮಾಡಿಸಬೇಕು, ಮುಚ್ಚಳವೂ ಕಲ್ಲಿನದೇ ಇರಬೇಕೋ ಎಂದು ಕೇಳುತ್ತಲೇ ಬಂದರು. ನಾನು ಕಿಟಕಿಯ ಹೊರಗೆ ನೋಡುತ್ತ, ತಲುಪಿಸಬೇಕಾದ ಏಳು ಬ್ಲೌಸುಗಳ ಕೊರಳಿನ ಆಕಾರಗಳನ್ನು ನೆನಪು ಮಾಡಿಕೊಳ್ಳುತ್ತಿದ್ದೆ.

ಕಮಲಾಪುರದಲ್ಲಿ ಇಳಿದು, ಬಾಳೆಹಣ್ಣು ಮಾರುವವರನ್ನು ಕೇಳುತ್ತ ಓಣಿ ಹುಡುಕಿದೆವು. ಮನೆಯ ಪಕ್ಕದಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಎಲ್ಲವೂ ಬಿಳಿ. ಹಿಟ್ಟಿನ ಗಿರಣಿಯೊಳಗೆ ಬಂದಂತಾಯಿತು. ನೆಲ, ಹಲಗೆ, ತಗಡಿನ ಕಂಬ, ಮೂಲೆಯ ರೇಡಿಯೋ, ಎಲ್ಲದರ ಮೇಲೂ ಕಲ್ಲಿನ ಹುಡಿ. ನಡುವೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಗೋಣಿಯ ಮೇಲೆ ಕೂತು, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು ಸಣ್ಣ ಉಳಿಯಿಂದ ಒಂದು ಮೂರ್ತಿಯ ಕಿವಿ ಕೊರೆಯುತ್ತಿದ್ದಳು. ನಮ್ಮನ್ನು ನೋಡಿದರೂ ಕಿವಿ ಮುಗಿಯುವವರೆಗೆ ಏಳಲಿಲ್ಲ.

ಆಕೆಯ ತಂದೆ ಒರಳು, ಬೀಸುಕಲ್ಲು ಕಟೆಯುವವರಾಗಿದ್ದರಂತೆ. ಮನೆಮನೆಗೆ ಮಿಕ್ಸರು ಬಂದು ಆ ಕೆಲಸ ನಿಂತಿತು. ಈಕೆ ಗಂಡನ ಮನೆಗೆ ಹೋಗಿ ಗಾರೆ ಕೆಲಸ ಮಾಡಿದಳು. ಗಂಡ ತೀರಿಕೊಂಡು ತಿರುಗಿ ಬಂದ ಮೇಲೆ, ತಂದೆಯ ಉಳಿಗಳು ಅಟ್ಟದ ಮೇಲಿದ್ದವು, ಇಳಿಸಿದಳು. ತಮ್ಮ ಓಣಿಯ ಬುದ್ಧ ವಿಹಾರಕ್ಕೆ ಒಂದು ಮೂರ್ತಿ ಬೇಕಾಗಿತ್ತು, ಕರಿ ಕಲ್ಲಿನಲ್ಲಿ ಪ್ರಯತ್ನಪಟ್ಟು ಸೋತು, ಮೆತ್ತನೆಯ ಕಲ್ಲು ತರಿಸಿ ಮಾಡಿದಳು. ಅಲ್ಲಿಂದ ಶುರು. ಇಷ್ಟನ್ನೂ ಆಕೆ ಹೇಳಿದ್ದು ಅವತ್ತಲ್ಲ. ಆಮೇಲೆ ಒಂದೊಂದು ಸಲ ಹೋದಾಗ ಒಂದೊಂದು ಮಾತು. ಅವತ್ತು ಆಕೆ ಕೇಳಿದ್ದು ಎಷ್ಟು ಎತ್ತರದ ಮೂರ್ತಿ ಬೇಕು ಎಂದಷ್ಟೇ.

ಇವರು ಮೂರ್ತಿ ಬೇಡ, ಸಾರು ಮಾಡುವ ಪಾತ್ರೆ ಬೇಕು ಎಂದರು. ಆಕೆ ಮೂಗಿನ ಬಟ್ಟೆ ಕೆಳಗೆ ಇಳಿಸಿದಳು.

“ಅಲ್ರಿ ಸಾಹೇಬ್ರ, ಒಬ್ಬ ಬುದ್ಧ ಕೂಡುವಷ್ಟು ಕಲ್ಲು ಒಳಗಿಂದ ಕೊರದು, ಅದನ್ನೆಲ್ಲ ಹುಡಿ ಮಾಡಿ ಚೆಲ್ಲಿ, ನಿಮಗ ಸಾರಿನ ಗಡಿಗಿ ಮಾಡಿ ಕೊಡಲೇನ್ರಿ?”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಇವರು ಮೊಬೈಲು ತೆಗೆದರು. ಕಲ್ಲಿನ ಪಾತ್ರೆಯ ಗುಣಗಳ ಬಗ್ಗೆ, ಜನ್ಮವಿಡೀ ಕಲ್ಲಿನೊಂದಿಗೆ ಇದ್ದವಳಿಗೆ, ವಿಡಿಯೋ ತೋರಿಸತೊಡಗಿದರು. ನನಗೆ ಆ ಬಿಳಿ ಹುಡಿಯೊಳಗೇ ಹೂತುಹೋಗೋಣ ಅನ್ನಿಸಿತು. ಅವರ ಕಡೆ ನೋಡಲಾಗದೆ ಮುಖ ತಿರುಗಿಸಿದೆ. ಅಲ್ಲಿ ಗೋಡೆಗೆ ಆನಿಸಿ, ಮೊಳದೆತ್ತರದ ಒಂದು ಮೂರ್ತಿ ಇಟ್ಟಿತ್ತು. ಕಣ್ಣು ಮುಚ್ಚಿ ಕೂತ ಬುದ್ಧ, ಬಲ ಭುಜ ಬರಿದು, ಎಡ ಭುಜದ ಮೇಲೆ ಚೀವರ. ಮುಖ ಎಷ್ಟು ಚೆನ್ನಾಗಿತ್ತೆಂದರೆ ನೋಡುತ್ತ ನಿಂತುಬಿಡಬೇಕು. ಆದರೆ ನನ್ನ ಕಣ್ಣು ಮುಖದ ಮೇಲೆ ನಿಲ್ಲಲಿಲ್ಲ. ಇಷ್ಟು ವರ್ಷ ಹೆಣ್ಣುಮಕ್ಕಳ ಭುಜದ ಅಳತೆ ತೆಗೆದ ಕಣ್ಣು ಅದು.

“ಎಡಗಡೆ ಭುಜ ಇಳದದ,” ಎಂದುಬಿಟ್ಟೆ.

ನಮ್ಮ ಮನೆಯವರು ವಿಡಿಯೋ ಬಂದ್ ಮಾಡಿ, ಏನು ಹೀಗೆ ಮಾತಾಡುತ್ತೀ ಎಂಬಂತೆ ನನ್ನನ್ನು ನೋಡಿದರು. ಆ ಹೆಂಗಸು ಎದ್ದು ಬಂದು ಮೂರ್ತಿಯನ್ನು ಎರಡೂ ಕೈಯಲ್ಲಿ ಎತ್ತಿ, ಬೆಳಕಿಗೆ ತಂದು ನನ್ನ ಮುಂದೆ ಇಟ್ಟಳು.

“ಎಲ್ಲಿ ಇಳದದ, ತೋರಸ್ರಿ.”

ಚೀಲದಲ್ಲಿ ಟೇಪು ಇದ್ದೇ ಇರುತ್ತದೆ. ಕೊರಳಿನ ಬುಡದಿಂದ ಎರಡೂ ಕಡೆ ಅಳೆದೆ, ಪೀಠದಿಂದ ಮೇಲಕ್ಕೆ ಅಳೆದೆ. ಬಟ್ಟೆಯ ದಪ್ಪ ಕಳೆದು ನೋಡಿದರೆ ಎಡಗಡೆ ಕಿರುಬೆರಳಿನ ಅಗಲದಷ್ಟು ಕಡಿಮೆ ಬಂತು. ಕಾರಣವೂ ಹೊಳೆಯಿತು. ಎಡ ಭುಜದ ಮೇಲೆ ಬಟ್ಟೆ ಇದೆ, ಬಟ್ಟೆಗೆ ಅದರದೇ ದಪ್ಪ ಇದೆ. ಎರಡೂ ಕಡೆ ಹೊರಗೆರೆ ಸಮ ಬರಲೆಂದು ಆಕೆ ಬಟ್ಟೆಯ ದಪ್ಪವನ್ನು ಭುಜದಿಂದ ಕಳೆದಿದ್ದಳು. ಸೆರಗಿನ ಕಡೆಯ ಭುಜ ಹೊಲಿಯುವಾಗ ಹೊಸಬರು ಮಾಡುವ ತಪ್ಪೇ ಅದು. ಹಾಗೆಂದು ಹೇಳಿದೆ.

ಆಕೆ ಎಡ ಭುಜದ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. ಆಮೇಲೆ ಹೇಳಿದಳು. ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸಿದ ಒಬ್ಬರಿಗಾಗಿ ಮಾಡಿದ್ದು. ಒಯ್ದು ನಾಲ್ಕು ದಿನ ಇಟ್ಟುಕೊಂಡು ಹಿಂದಕ್ಕೆ ತಂದು ಬಿಟ್ಟಿದ್ದರು. ಏನೋ ಸರಿಯಿಲ್ಲ, ಏನೆಂದು ಹೇಳಲು ಬರುವುದಿಲ್ಲ ಎಂದಿದ್ದರು. ಒಂದು ತಿಂಗಳಿಂದ ಆಕೆ ಆ ಮೂರ್ತಿಯ ಮುಖವನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ತಪ್ಪಿದೆಯೋ ತುಟಿಯಲ್ಲಿ ತಪ್ಪಿದೆಯೋ ಎಂದು. ಭುಜವನ್ನು ನೋಡಿರಲೇ ಇಲ್ಲ.

ಬಲ ಭುಜವನ್ನು ಅಷ್ಟೇ ಇಳಿಸಿದರೆ ಸಮ ಬರುತ್ತದೆ, ಕೊರಳು ಸ್ವಲ್ಪ ಉದ್ದ ಕಾಣಿಸುತ್ತದೆ, ಅದು ಚೆಂದವೇ ಎಂದು ಇಬ್ಬರೂ ಮಾತಾಡಿಕೊಂಡೆವು. ಆದರೆ ಚೀವರದ ನೆರಿಗೆಗಳೂ ನನಗೆ ಸರಿ ಕಾಣಲಿಲ್ಲ. ತಗಡು ಮಡಚಿದಂತಿದ್ದವು. ಬಟ್ಟೆ ಹಾಗೆ ಬೀಳುವುದಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲಾಗುತ್ತದೆ, ಕಂಕುಳ ಹತ್ತಿರ ಗುಂಪಾಗುತ್ತದೆ, ಮೊಳಕಾಲ ಮೇಲೆ ಹರಡಿಕೊಳ್ಳುತ್ತದೆ. ಬಾಯಲ್ಲಿ ಹೇಳಿದರೆ ಅರ್ಥವಾಗುವ ಸಂಗತಿಯಲ್ಲ. ಯಾರಾದರೂ ಹೊದ್ದು ಕೂತರೆ ತೋರಿಸಬಹುದು ಎಂದೆ.

ಇಬ್ಬರೂ ಒಟ್ಟಿಗೇ ನಮ್ಮ ಮನೆಯವರ ಕಡೆ ನೋಡಿದೆವು.

ಅವರು ಬೇಡವೆಂದರು. ಸೊಂಟ ಹಿಡಿದಿದೆ ಎಂದರು. ಪಾತ್ರೆ ಬೇಕೋ ಬೇಡವೋ ಎಂದು ಕೇಳಿದೆ. ಆ ಹೆಂಗಸೂ ಅದೇ ಹೊತ್ತಿಗೆ, ಮೂಲೆಯಲ್ಲಿ ಒಂದು ಕಲ್ಲು ಬಿದ್ದಿದೆ, ಮುಖ ಬರುವ ಜಾಗದಲ್ಲಿ ಗಟ್ಟಿ ಗಂಟು ಇರುವುದರಿಂದ ಮೂರ್ತಿಗೆ ಬಾರದು, ಅದರಲ್ಲಿ ಸಣ್ಣದೊಂದು ಪಾತ್ರೆ ಆದೀತು ಎಂದಳು. ಇವರು ಚಪ್ಪಲಿ ಕಳಚಿದರು.

ಆಕೆ ಮನೆಯಿಂದ ಒಂದು ಹಳೆಯ ಮೆತ್ತನೆಯ ಹಾಸಿಗೆ ಹೊದಿಕೆ ತಂದಳು. ಇವರನ್ನು ಹಲಗೆಯ ಮೇಲೆ ಚಕ್ಕಳಮಕ್ಕಳ ಕೂರಿಸಿ, ಅಂಗಿ ತೆಗೆಸಿ, ಹೊದಿಕೆಯನ್ನು ಎಡ ಭುಜದ ಮೇಲೆ ಹಾಕಿ, ಕಂಕುಳ ಕೆಳಗಿಂದ ತಂದು, ಮೊಳಕಾಲ ಮೇಲೆ ಬಿಟ್ಟೆ. ಎರಡು ಕಡೆ ಟಾಚಣಿ ಹಾಕಿದೆ. ಮಾತಾಡಿದರೆ ಭುಜ ಅಲುಗುತ್ತದೆ, ಸುಮ್ಮನಿರಬೇಕು ಎಂದೆ. ಮೊಬೈಲು ನನ್ನ ಚೀಲ ಸೇರಿತು. ಆಕೆ ಎದುರಿಗೆ ಕೂತು ನೆರಿಗೆ ನೋಡುತ್ತ, ಒಡೆದ ಕಲ್ಲಿನ ಚೂರೊಂದರ ಮೇಲೆ ಕೊರೆದು ನೋಡುತ್ತ, ಮತ್ತೆ ನೋಡುತ್ತ ಇದ್ದಳು. ನಡುವೆ ಎದ್ದು ಬಂದು, ಕೇಳದೆಯೇ ಒಂದು ನೆರಿಗೆಯನ್ನು ಬೆರಳಲ್ಲಿ ಮುಟ್ಟಿ ಅದು ಎಲ್ಲಿಂದ ಹುಟ್ಟಿ ಎಲ್ಲಿ ಮುಗಿಯುತ್ತದೆಂದು ಹಿಂದೆ ಹೋಗಿ ನೋಡಿ ಬರುತ್ತಿದ್ದಳು. ಎರಡು ತಾಸಾಯಿತು. ನಮ್ಮ ಮದುವೆಯಾದ ಮೇಲೆ ನನ್ನ ಗಂಡ ನನ್ನೆದುರು ಎರಡು ತಾಸು ಬಾಯಿ ಮುಚ್ಚಿ ಕೂತಿದ್ದು ಅದೇ ಮೊದಲು. ನಡುನಡುವೆ ನನ್ನನ್ನು ಕೆಂಗಣ್ಣಿನಿಂದ ನೋಡುತ್ತಿದ್ದರು. ಬುದ್ಧನಿಗೆ ಸಿಟ್ಟು ಬರಬಾರದು ಎಂದು ಆ ಹೆಂಗಸು ನಗದೆಯೇ ಹೇಳಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ಕೂದಲಲ್ಲಿದ್ದ ಬಿಳಿ ಹುಡಿ ಝಾಡಿಸಿಕೊಳ್ಳುತ್ತ ಒಂದೇ ಮಾತು ಆಡಿದರು, ಕಾಲು ಜುಮುಗುಡುತ್ತಿದೆ ಎಂದು.

ಪಾತ್ರೆ ಹದಿನೈದು ದಿನಕ್ಕೆ ಆಗುತ್ತದೆ ಎಂದಿದ್ದಳು. ಹದಿನೈದು ದಿನ ಬಿಟ್ಟು ಹೋದರೆ, ಕಲ್ಲನ್ನು ಇನ್ನೂ ಮುಟ್ಟಿರಲಿಲ್ಲ. ನನ್ನನ್ನು ಮಾತ್ರ ಕೂರಿಸಿ, ಮೂರ್ತಿಯ ಬೆನ್ನಿನ ನೆರಿಗೆ ಹೇಗೆ ಬರಬೇಕೆಂದು ಕೇಳಿದಳು. ಮತ್ತೆ ಹೋದೆ, ಪಾತ್ರೆಯ ಹೊರಮೈ ಆಗಿತ್ತು, ಒಳಗೆ ಕೊರೆದಿರಲಿಲ್ಲ. ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರದಿದ್ದರೆ ಉರಿಗೆ ಸೀಳುತ್ತದೆ, ಅದಕ್ಕೆ ಅವಸರ ಮಾಡುವುದಿಲ್ಲ ಎಂದಳು. ಬ್ಲೌಸಿನ ತೋಳಿಗೆ ಕತ್ತರಿಸುವಂತೆ ನಾನು ರಟ್ಟಿನಲ್ಲಿ ಒಂದು ನಮೂನೆ ಕತ್ತರಿಸಿ ಕೊಟ್ಟೆ. ಅದನ್ನು ಹೊರಮೈಗೆ ಹಚ್ಚಿ ಸುತ್ತ ತಿರುಗಿಸಿದರೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ತಿಳಿಯುತ್ತದೆ. ಆಕೆ ಅದನ್ನು ಇಸಿದುಕೊಂಡು, ಮೂರ್ತಿಗಳ ತಲೆಗೂ ಒಂದು ಬೇಕು, ಮೊಳಕಾಲಿಗೂ ಒಂದು ಬೇಕು ಎಂದು ಪಟ್ಟಿ ಹೇಳಿದಳು. ಪಾತ್ರೆ ಮಾಡಿಸಲು ಹೋದವಳು ನಾನು, ಆಕೆಯ ಕಾರ್ಖಾನೆಯ ಕೆಲಸದವಳಾಗಿಬಿಟ್ಟೆ. ಮನೆಯಲ್ಲಿ ಗಿರಾಕಿಗಳು ಬಾಗಿಲು ಬಡಿದು ಬಡಿದು ಬೈದುಕೊಂಡು ಹೋಗುತ್ತಿದ್ದರು. ಪ್ರತಿ ಸಲವೂ ಇದೇ ಕೊನೆ ಎಂದುಕೊಂಡು ಬಸ್ಸು ಇಳಿಯುತ್ತಿದ್ದೆ. ಮುಂದಿನ ವಾರ ಮತ್ತೆ ಅದೇ ಬಸ್ಸು.

ಕಡೆಗೂ ಪಾತ್ರೆ ಸಿಕ್ಕಿತು. ಇಬ್ಬರಿಗೆ ಸಾಕಾಗುವಷ್ಟು ಸಣ್ಣದು. ಎರಡೂ ಕಡೆ ಹಿಡಿಯಲು ಕಿವಿಗಳಿದ್ದವು, ಹೊಟ್ಟೆಯ ಮೇಲೆ ಆ ಗಂಟು ಕಪ್ಪು ಮಚ್ಚೆಯ ಹಾಗೆ ಉಳಿದಿತ್ತು. ಒಳಮೈ ಎಷ್ಟು ನುಣುಪಾಗಿತ್ತೆಂದರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೈಯಾಡಿಸುತ್ತ ಬಂದೆ. ಮನೆಗೆ ತಂದು ಇವರ ಎದುರಿಗೆ ಇಟ್ಟೆ.

ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ, ಕಲ್ಲಿಗಿಂತ ಮಣ್ಣಿನ ಪಾತ್ರೆಯೇ ಒಳ್ಳೆಯದೆಂದು ಈಗ ಎಲ್ಲರೂ ಹೇಳುತ್ತಿದ್ದಾರೆ, ಒಂದನ್ನು ತರಿಸಲು ಹೇಳಿದ್ದೇನೆ ಎಂದರು.

ನಾನು ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ. ದನಿ ಏರಿಸಲಿಲ್ಲ.

“ಇನ್ನೊಂದು ಪಾತ್ರಿ ಈ ಮನಿಗೆ ಬಂತಂದ್ರ, ಅದ್ರಾಗ ಅಡಿಗಿ ನೀವು ಮಾಡಬೇಕು. ಒಂದಿನ ಎರಡ್ದಿನ ಅಲ್ಲ. ನಾ ಹೊಲಗಿ ಬಿಡೂತನಕ ನೀವ ಮಾಡಬೇಕು.”

ಮಣ್ಣಿನ ಪಾತ್ರೆ ಬರಲಿಲ್ಲ. ಕಲ್ಲಿನದನ್ನು ನಾನೇ ಪಳಗಿಸಿದೆ, ಈ ಸಲ ಚೀಟಿ ನೋಡದೆ, ಆ ಹೆಂಗಸು ಹೇಳಿದ ಪ್ರಕಾರ. ಸಣ್ಣ ಉರಿಯಲ್ಲಿ ಇಟ್ಟು ಬೇಳೆ ಮಾಡಿದರೆ, ಒಲೆಯಿಂದ ಇಳಿಸಿ ತಾಟಿನ ಮುಂದೆ ತಂದರೂ ಅಂಚಿನಲ್ಲಿ ಗುಳ್ಳೆ ಏಳುತ್ತಿರುತ್ತವೆ. ಆದರೆ ಬಹಳ ಸಲ ಅದರಲ್ಲಿ ಮೊಸರು ಹೆಪ್ಪು ಹಾಕುತ್ತೇನೆ. ನಮ್ಮ ಊರಿನ ಮೇ ತಿಂಗಳಲ್ಲಿ ಸ್ಟೀಲಿನ ಪಾತ್ರೆಯ ಮೊಸರು ಮಧ್ಯಾಹ್ನಕ್ಕೇ ಹುಳಿ ಬರುತ್ತದೆ, ಇದರಲ್ಲಿ ಸಂಜೆಯವರೆಗೂ ಸಿಹಿಯಾಗಿರುತ್ತದೆ. ಇವರು ಅದನ್ನು ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಾರೆ. ಚೆನ್ನಾಗಿದೆ ಎಂದು ಅನ್ನುವುದಿಲ್ಲ, ಕಡಿಮೆ ಬಿದ್ದರೆ ಮಾತ್ರ ಕೇಳುತ್ತಾರೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಆ ಹೆಂಗಸು ತಾನೇ ನಮ್ಮ ಮನೆಗೆ ಬಂದಳು. ಮೂರ್ತಿಯನ್ನು ಎರಡು ಸೀರೆಗಳಲ್ಲಿ ಸುತ್ತಿ, ಕಮಲಾಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಮೂರ್ತಿ ಹಿಂದಿರುಗಿಸಿದ್ದ ಮನೆಯವರಿಗೇ ಅದನ್ನು ಮತ್ತೆ ತೋರಿಸಬೇಕಿತ್ತು, ಅದಕ್ಕೂ ಮೊದಲು ನನಗೆ. ಹೊಲಿಗೆ ಮೇಜಿನ ಮೇಲಿನ ಬಟ್ಟೆಗಳನ್ನೆಲ್ಲ ಬದಿಗೆ ಸರಿಸಿ ಅದನ್ನು ಇಟ್ಟೆವು. ಟೇಪು ಹಿಡಿದೆ. ಭುಜ ಸಮ ಇತ್ತು. ಆದರೆ ನಾನು ನೋಡುತ್ತಿದ್ದುದು ಬಟ್ಟೆಯನ್ನು. ಎಡ ಭುಜದಿಂದ ಇಳಿದು, ಕಂಕುಳಲ್ಲಿ ಗುಂಪಾಗಿ, ತೊಡೆಯ ಮೇಲೆ ಹರಡಿದ ಕಲ್ಲಿನ ಆ ಬಟ್ಟೆಯ ಅಂಚು ಹಿಡಿದು ಎತ್ತಬಹುದು ಅನ್ನಿಸುತ್ತಿತ್ತು. ಕಲ್ಲಿನಲ್ಲಿ ಇದನ್ನು ಮಾಡಿದವಳು ಚಹಾದ ತಟ್ಟೆ ಹಿಡಿದು, ನನ್ನ ಮುಖವನ್ನೇ ನೋಡುತ್ತಿದ್ದಳು. ಎಲ್ಲಿಯೂ ತಪ್ಪಿಲ್ಲ ಎಂದೆ. ಸರಿ ಎಂದು ಚಹಾ ಕುಡಿದಳು.

ಆಟೊ ಮಾಡಿಕೊಂಡು ಇಬ್ಬರೂ ಆ ಮನೆಗೆ ಹೋದೆವು. ಮನೆಯ ಯಜಮಾನರು ಒಳ್ಳೆಯವರೇ. ಮೂರ್ತಿಯನ್ನು ಗೂಡಿನಲ್ಲಿ ಇಡಿಸಿ, ಹಿಂದೆ ಸರಿದು ನೋಡಿ, ಈಗ ಸರಿಯಾಯಿತು ಎಂದರು. ಆಮೇಲೆ ನೆರಿಗೆಯ ಮೇಲೆ ಬೆರಳಾಡಿಸಿ, ಈಕೆಯನ್ನು ಕೇಳಿದರು.

“ಈ ಸಲ ಮಷೀನ್ ಮ್ಯಾಲ ಮಾಡಿಸೀರೇನ್ರಿ? ಭಾಳ ಸಾಫ್ ಬಂದದ.”

“ಹೌದ್ರಿ,” ಎಂದಳು ಆಕೆ.

ನನಗೆ ಮೈ ಉರಿಯಿತು. ಹೊರಗೆ ಬಂದ ಮೇಲೆ ಬೀದಿಯಲ್ಲೇ ನಿಲ್ಲಿಸಿ ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು. ಎಷ್ಟು ತಿಂಗಳು ಕೂತು ಮಾಡಿದ್ದು, ಎಷ್ಟು ಹುಡಿ ಎದೆಯೊಳಗೆ ಹೋಗಿದ್ದು, ನನ್ನ ಗಂಡನನ್ನು ಎರಡು ತಾಸು ಕೂರಿಸಿದ್ದು. ಅದೆಲ್ಲ ಮಷಿನ್ನಿಗೆ ಹೋಯಿತಲ್ಲ ಎಂದೆ.

“ಕೈಲೇ ಮಾಡೀನಿ ಅಂದ್ರ ನೋಡಾಕ ಬರ್ತಾರ್ರಿ,” ಎಂದಳು. “ಅವರು ಬಂದ್ರ ಅವರ ಮಂದೀನೂ ಬರ್ತಾರ. ಬಂದು ನಿಂತು ಮಾತಾಡ್ತಾರ. ಕೆಲಸ ಆಗಂಗಿಲ್ಲ.”

ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಎಂಬುದೂ ಗೊತ್ತಾಗಲಿಲ್ಲ. ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಹುಮನಾಬಾದ್ ಬಸ್ಸು ತುಂಬಿತ್ತು. ಆಕೆ ಜನರ ನಡುವೆ ನುಗ್ಗಿ ಕಿಟಕಿಯ ಪಕ್ಕ ಜಾಗ ಹಿಡಿದಳು. ಮೂರ್ತಿ ಸುತ್ತಿ ತಂದಿದ್ದ ಸೀರೆಗಳನ್ನು ಮಡಚಿ ತಲೆಗೆ ದಿಂಬಾಗಿ ಇಟ್ಟುಕೊಂಡು, ಬಸ್ಸು ಹೊರಡುವ ಮೊದಲೇ ನಿದ್ದೆಹೋದಳು.